ಸ್ಯಾಡಲ್‌ಬ್ಯಾಗ್ ಲ್ಯಾಚ್ ಮುರಿದಿದೆ, ಎಲ್ಲಿ ಹುಡುಕಲಿ?

ಪ್ರಶ್ನೆ: ಅಮೆರಿಕದಲ್ಲಿ ತಯಾರಾದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸ್ಯಾಡಲ್‌ಬ್ಯಾಗ್ (ಬೈಕಿನ ಎರಡೂ ಪಕ್ಕಕ್ಕೆ ಹಾಕುವ ಬಾಕ್ಸ್) ಒಂದು ಜೊತೆ ಸೆಕೆಂಡ್ ಹ್ಯಾಂಡ್ ಕೊಂಡೆ. ಎಡಗಡೆ ಬಾಕ್ಸಿನ ಲ್ಯಾಚ್ ಮುರಿದಿದೆ, ಬೀಗಕ್ಕೆ ಕೀ ಇಲ್ಲ, ಬೈಕಿಗೆ ಕೂರಿಸುವ ಒಂದು ಬೋಲ್ಟು, ರಬ್ಬರ್ ಬುಷ್ ಎರಡೂ ಕಳೆದಿವೆ. ಕೇಳಿದವರೆಲ್ಲ ಇಡೀ ಬಾಕ್ಸ್ ಹೊಸದು ತಗೊಳ್ಳಿ ಅಂತಾರೆ. ಬಿಡಿಭಾಗ ಸಿಗಲ್ವಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಸಿಗುತ್ತವೆ. ಆದರೆ ಬೈಕ್ ಅಂಗಡಿಗೆ ಹೋಗಿ ಬ್ಯಾಗಿನ ಕಂಪನಿ ಹೆಸರು ಹೇಳಿದರೆ ಸಿಗಲ್ಲ. ನಿಮ್ಮ ಲ್ಯಾಚು ಟೂಲ್ ಬಾಕ್ಸಿಗೆ, ಸ್ಪೀಕರ್ ಪೆಟ್ಟಿಗೆಗೆ ಹಾಕುವ ಟಾಗಲ್ ಲ್ಯಾಚ್ ಜಾತಿಯದೇ ಇರಬಹುದು. ಬೀಗ ಬಹುಶಃ ಅಂಚೆ ಡಬ್ಬಿ, ಡ್ರಾಯರ್‌ಗೆ ಹಾಕುವ ಕ್ಯಾಮ್ ಲಾಕ್. ಇವೆಲ್ಲ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಮಾಲು. ಬೈಕ್ ಮನೆಯಲ್ಲೇ ಬಿಡಿ, ಅಲ್ಲಿ ಪಾರ್ಕಿಂಗ್ ದೊಡ್ಡ ತಲೆನೋವು. ನಿಮ್ಮ ಕಡೆಯಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ಕೆ.ಆರ್. ಮಾರ್ಕೆಟ್. ಭಾನುವಾರ ಮಾತ್ರ ಬೇಡ.

ಹೋಗುವ ಮೊದಲು ಅಳತೆ ತಗೊಳ್ಳಿ. ಲ್ಯಾಚಿಗೆ ರಿವೆಟ್ ತೂತುಗಳ ನಡುವಿನ ಅಂತರ ಮುಖ್ಯ. ಬೀಗಕ್ಕೆ ತೂತಿನ ಅಗಲ, ಬ್ಯಾರಲ್‌ನ (ಕೀ ತೂರುವ ಕೊಳವೆಯ) ಉದ್ದ. ಬುಷ್‌ಗೆ ಒಳ ಅಳತೆ, ಹೊರ ಅಳತೆ, ಸುತ್ತಲಿನ ತೋಡಿನ ಅಗಲ. ಬಲಗಡೆ ಬಾಕ್ಸ್ ಸರಿಯಾಗಿದೆಯಲ್ಲ, ಅದರದ್ದನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಎಡವುವುದು ಬೋಲ್ಟಿನಲ್ಲಿ. ಅಮೆರಿಕದ ಮಾಲಿನಲ್ಲಿ ಕಾಲಿಂಚಿನ ಬೋಲ್ಟ್ ಸಾಮಾನ್ಯ, ಅಂದರೆ 6.35 ಮಿ.ಮೀ. ನಮ್ಮಲ್ಲಿ ಎಲ್ಲೆಡೆ ಸಿಗುವ ಎಂ6 ಬೋಲ್ಟಿನ ದಪ್ಪ 6 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಅಂಗಡಿಯವರೂ 'ಇದೇ ಸಾರ್' ಅಂತ ಕೊಟ್ಟುಬಿಡಬಹುದು. ಆದರೆ ಎಂ6 ಬೋಲ್ಟಿನ ಮರೆಯ, ಅಂದರೆ ಸುತ್ತು ಹಲ್ಲಿನ, ಅಂತರ 1 ಮಿ.ಮೀ., ಇಂಚಿಗೆ 20 ಮರೆ ಇರುವ ಕಾಲಿಂಚಿನ ಬೋಲ್ಟಿನದು 1.27 ಮಿ.ಮೀ. ತಪ್ಪು ಬೋಲ್ಟ್ ಸುಮ್ನೆ ಒಳಗೆ ಹೋದಂತೆ ಕಂಡರೂ ಸರಿಯಾಗಿ ಕಚ್ಚುವುದಿಲ್ಲ. ನಮ್ಮ ರಸ್ತೆಗುಂಡಿಗಳಿಗೆ ಅದು ಎಷ್ಟು ದಿನ ನಿಲ್ಲುತ್ತೆ? ಬಲಗಡೆ ಬಾಕ್ಸಿನ ಬೋಲ್ಟು, ಹೊಸ ಬೋಲ್ಟು ಎರಡನ್ನೂ ಪಕ್ಕಪಕ್ಕ ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂತು ಸಂದಿಯಲ್ಲಿ ಬೆಳಕು ಕಾಣದಿದ್ದರೆ ಅದೇ ಅಳತೆ. ಸ್ಟೇನ್‌ಲೆಸ್ ಕೇಳಿ, ಜೊತೆಗೆ ಒಳಗೆ ನೈಲಾನ್ ಬಳೆ ಇರುವ, ಅಲುಗಾಟಕ್ಕೆ ಸುಲಭವಾಗಿ ಸಡಿಲವಾಗದ ನೈಲಾಕ್ ನಟ್ ತಗೊಳ್ಳಿ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಥ್ರೆಡ್‌ಲಾಕರ್ ಅಂಟು ಪ್ಲಾಸ್ಟಿಕ್ ಹತ್ತಿರ ಬೇಡವೇ ಬೇಡ, ಎಬಿಎಸ್‌ಗೆ ತಾಗಿದರೆ ಬಿರುಕು ಬಿಡುತ್ತದೆ.

ಹೊಸ ಲ್ಯಾಚಿಗೆ ರಿವೆಟ್ ಗನ್ನಿನಿಂದ ಎಳೆದು ಕೂರಿಸುವ ಪಾಪ್ ರಿವೆಟ್ ಸಾಕು. ಹಳೆಯದನ್ನು ಡ್ರಿಲ್‌ನಲ್ಲಿ ನಿಧಾನವಾಗಿ ತೆಗೆಯಿರಿ. ಹೊಸದು ಹೊಡೆಯುವಾಗ ಒಳಗಡೆ ಒಂದು ವಾಷರ್ ಕೊಡಿ. ಇಲ್ಲದಿದ್ದರೆ ರಿವೆಟ್ ಪ್ಲಾಸ್ಟಿಕ್ಕನ್ನೇ ಸೀಳಿಕೊಂಡು ಬರುತ್ತದೆ. ಸುತ್ತಿಗೆಯಲ್ಲಿ ಬಡಿಯುವ ಗಟ್ಟಿ ರಿವೆಟ್ ಹಾಕಿಸಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ.

ರಬ್ಬರ್ ಬುಷ್ ಎಸ್‌ಜೆಪಿಯಲ್ಲಿ ಸಿಗದಿದ್ದರೆ ಹತ್ತಿರದಲ್ಲೇ ಇರುವ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ನೋಡಿ. ಕಾರಿನ ಗ್ರಾಮೆಟ್ (ತೂತಿಗೆ ಕೂರಿಸುವ ರಬ್ಬರ್ ಬಳೆ) ಯಾವುದಾದರೂ ಹೊಂದಬಹುದು.

ಒಂದು ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಬಾಕ್ಸಿನ ಭಾರ ಹೊರುವ ಬ್ರಾಕೆಟ್ಟನ್ನು ಚೆನ್ನಾಗಿ ತೊಳೆದು, ಬೆಂಡ್ ಇರುವ ಕಡೆ ಬಿರುಕಿದೆಯಾ ನೋಡಿ. ಇದ್ದರೆ ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ. ದುಡ್ಡು ಜಾಸ್ತಿಯಾದರೂ ಅದನ್ನು ಕಂಪನಿಯದೇ ತರಿಸಿ. ಬರುವವರೆಗೂ ಆ ಬಾಕ್ಸ್ ಬೈಕಿಗೆ ಹಾಕಬೇಡಿ.