ಹಲ್ಲು ತೋರಿಸಿ ಇಪ್ಪತ್ತೈದು ವರ್ಷ ಬದುಕೋಕಾಗಲ್ಲ ಸ್ವಾಮಿ

ಪತ್ರ: ಹೋದ ಸಂಚಿಕೆಯಲ್ಲಿ ಹಾಸ್ಯನಟ ನರಸಿಂಹರಾಜು ಬಗ್ಗೆ ಮೂರು ಪುಟ ಹಾಕಿದ್ದೀರಿ. ಅವರ ಉಬ್ಬುಹಲ್ಲು ನೋಡಿ ಜನ ನಗ್ತಿದ್ರು, ಅಷ್ಟೇ ತಾನೇ? ರಾಜ್‌ಕುಮಾರ್ ಪಕ್ಕ ನಿಂತವರೆಲ್ಲ ಮಹಾನಟರಾ?
– ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಮೂರೂ ಪುಟ ಓದಿದ್ದೀರಲ್ಲ ಅಂತ ಖುಷಿನೂ ಆಯ್ತು. ಹಲ್ಲಿನ ವಿಷಯ ಒಪ್ಕೋತೀನಿ. ಅವರು ಬಾಯಿ ತೆಗೆದ್ರೆ ಟೆಂಟಲ್ಲಿ ಶಿಳ್ಳೆ ಬೀಳ್ತಿತ್ತು, ಸುಳ್ಳಲ್ಲ. ಆದ್ರೆ ಒಂದೇ ಹಲ್ಲು ನೋಡಿ ಎಷ್ಟು ಪಿಕ್ಚರ್ ನಗ್ತೀರಿ, ಎರಡು? ಮೂರು? ಅವರು 1954ರಿಂದ 1979ರಲ್ಲಿ ತೀರಿಕೊಳ್ಳೋವರೆಗೂ ನಗಿಸಿದ್ರು, ಹೋದಾಗ ಇನ್ನೂ ಐವತ್ತಾರು ತುಂಬಿರಲಿಲ್ಲ.

ಇನ್ನು ಈ ‘ಪಕ್ಕ ನಿಂತವರು’ ಅನ್ನೋ ಮಾತು. ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಹೀರೋ ಆದ್ರು, ಅದೇ ಪಿಕ್ಚರಲ್ಲಿ ನರಸಿಂಹರಾಜು ಬಂದ್ರು, ಜಿ.ವಿ. ಅಯ್ಯರ್ ಇದ್ರು, ಮೂವರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಅನ್ನ ಉಂಡವರು. ಪಕ್ಕ ನಿಂತಿದ್ದಲ್ಲ ಸ್ವಾಮಿ, ಒಟ್ಟಿಗೆ ಬಂದಿದ್ದು. ಮುಂದೆ ಸಿನಿಮಾದಲ್ಲಿ ಕೆಲಸ ಸಿಗದೆ ಒದ್ದಾಡುವಾಗ ಇವರೇ ಇನ್ನೊಬ್ಬ ಹಾಸ್ಯನಟ ಬಾಲಕೃಷ್ಣ ಅವರನ್ನೂ ಸೇರಿಸ್ಕೊಂಡು ಕಲಾವಿದರ ಸಂಘ ಅಂತ ಮಾಡಿ ಊರೂರು ನಾಟಕ ಆಡಿದ್ರು, 1960ರಲ್ಲಿ ರಣಧೀರ ಕಂಠೀರವ ತೆಗೆದ್ರು. ಆ ಲೆಕ್ಕದಲ್ಲಿ ಹೀರೋ ಯಾರು, ಕಾಮಿಡಿ ಯಾರು?

ತಿಪಟೂರಲ್ಲಿ 1923ರಲ್ಲಿ ಹುಟ್ಟಿದ ಈ ಮನುಷ್ಯ ಚಿಕ್ಕ ಹುಡುಗ ಆಗಿದ್ದಾಗಲೇ ನಾಟಕಕ್ಕೆ ಬಣ್ಣ ಹಚ್ಚಿದವರು. ಕಂಪನಿ ನಾಟಕದ ಹಾಸ್ಯಗಾರನ ಕಷ್ಟ ನಿಮಗೆ ಗೊತ್ತಿಲ್ಲ ಅನ್ಸುತ್ತೆ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರ ಜಾತ್ರೆಗೆ ಒಂದು ಕಂಪನಿ ಬಂದಿತ್ತು, ಒಂದಿನ ಒಳಗೆ ಅರಮನೆ ಸೀನಿನ ಪರದೆ ಸಿಕ್ಕಾಕೊಂಡು ಮೇಲೇಳ್ಲಿಲ್ಲ, ಜನ ಕೂಗಾಡೋಕೆ ಶುರು, ಆಗ ಹಾಸ್ಯಗಾರ ಒಬ್ಬನೇ ಮುಂದಿನ ಪರದೆ ಹತ್ರ ಬಂದು, ಕೈಯಲ್ಲಿ ಒಂದು ಟವೆಲ್ ಅಷ್ಟೇ, ಹಾರ್ಮೋನಿಯಂ ಮೇಷ್ಟ್ರ ಜೊತೆ ಜಗಳ ತೆಗೆದು ಕಾಲು ಗಂಟೆ ಎಳೆದ. ಮಾತು ಬರೆದುಕೊಟ್ಟವರು ಯಾರೂ ಇರಲಿಲ್ಲ. ಆಮೇಲೆ ಸೀನು ಸರಿಹೋಗಿ ರಾಜ ಬಂದ್ರೆ ಜನ ಬೇಡ ಬೇಡ ಅಂದ್ರು, ಪಾಪ! ಟೈಮಿಂಗ್ ಅಂತ ಈಗ ಎಲ್ಲರೂ ಹೇಳ್ತಾರಲ್ಲ, ಅದು ಅಲ್ಲಿ ಕಲೀತಿದ್ದಿದ್ದು.

ಆಗ್ಲೇ ಹೇಳಿದ ಬಾಲಕೃಷ್ಣ, ನಮ್ಮ ಬಾಲಣ್ಣನ್ನೇ ತಗೊಳ್ಳಿ. ಅವರಿಗೆ ಕಿವಿ ಕೇಳ್ತಿರಲಿಲ್ಲ. ಎದುರಿಗಿರೋರ ತುಟಿ ನೋಡ್ಕೊಂಡು, ಮಾತು ಎಲ್ಲಿ ಮುಗೀತು ಅಂತ ತಿಳ್ಕೊಂಡು ತಮ್ಮ ಮಾತು ಎತ್ತಬೇಕು, ಅದೂ ಹಾಸ್ಯದಲ್ಲಿ, ಒಂದು ಕ್ಷಣ ತಡ ಆದ್ರೆ ನಗು ಸತ್ತೋಗುತ್ತೆ. 1943ರ ರಾಧಾರಮಣದಿಂದ ಹಿಡಿದು ನೂರಾರು ಪಿಕ್ಚರ್ ಹಾಗೇ ಮಾಡಿದ್ರು. ಕಿವಿ ನೆಟ್ಟಗಿರೋ ನಮ್ಮ ಈಗಿನ ನಟರು ಎದುರಿನವರ ಮಾತು ಮುಗಿಯೋ ಮುಂಚೆನೇ ಬಾಯಿ ಹಾಕ್ತಾರೆ! ಮೈಸೂರು ರಸ್ತೆಲಿ ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಈ ಬಾಲಣ್ಣನೇ. ಆ ಹೆಸರು ಕೇಳಿದ್ರೆ ಈಗಿನ ಹುಡುಗರಿಗೆ ವಿಷ್ಣುವರ್ಧನ್ ಅಂತ್ಯಸಂಸ್ಕಾರ ನೆನಪಾಗುತ್ತೆ, ತಪ್ಪಿಲ್ಲ, ಆದ್ರೆ ಕಟ್ಟಿದವರ್ಯಾರು ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ.

ಟಿವಿಯ ಕಾಮಿಡಿ ಶೋ ಬಗ್ಗೆ ಹೇಳೋಕೆ ಹೋದ್ರೆ ನನ್ನ ಬಿಪಿ ಏರುತ್ತೆ. ಒಂದೊಂದು ಮಾತಿಗೂ ಟುಂಯ್ ಅಂತ ಸೌಂಡು, ಜಡ್ಜ್‌ಗಳು ಕುರ್ಚಿಯಿಂದ ಬೀಳೋದು, ಗಂಡಸಿಗೆ ಸೀರೆ ಉಡಿಸೋದು. ನಗು ಬರದೇ ಇದ್ರೂ ನಗಲೇಬೇಕು ಅನ್ನೋ ಹಾಗೆ. ಇದಕ್ಕೆ ಪುಟ ಕೊಡಬೇಕಾ ನಾನು?

ಒಂದು ಕೆಲಸ ಮಾಡಿ. 1965ರ ಸತ್ಯ ಹರಿಶ್ಚಂದ್ರ ಹಾಕಿ, ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಬೀಳೋ ನಕ್ಷತ್ರಿಕ ಬರೋ ಜಾಗಕ್ಕೆ ಸೌಂಡು ಪೂರ್ತಿ ತೆಗೆದುಬಿಡಿ. ನಕ್ಷತ್ರಿಕನ ಕಾಟ ಅಂತೀವಲ್ಲ, ನರಸಿಂಹರಾಜು ಆ ಕಾಟ ಕೊಡೋದನ್ನ ಕಣ್ಣಲ್ಲಿ, ಕತ್ತಲ್ಲಿ, ನಡಿಗೆಲಿ ನೋಡಿ. ಹಲ್ಲನ್ನ ಕೈಯಿಂದ ಮುಚ್ಕೊಂಡು ಬೇಕಾದ್ರೂ ನೋಡಿ. ಅದಾದ್ಮೇಲೂ ನಗು ಬರಲಿಲ್ಲ ಅಂದ್ರೆ ಇನ್ನೊಂದು ಪತ್ರ ಬರೀರಿ, ಅದನ್ನೂ ಹಾಕ್ತೀನಿ, ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿರಲಿ.