ನನ್ನ .32 ಪಿಸ್ತೂಲಿನಲ್ಲಿ ತೋಟಾ ಪದೇ ಪದೇ ಸಿಕ್ಕಿಕೊಳ್ಳುತ್ತಿದೆ. ಫೀಡ್ ರ‍್ಯಾಂಪ್ ಪಾಲಿಶ್ ಮಾಡಿಸಬೇಕೇ, ಬೇರೆ ಪಿಸ್ತೂಲನ್ನೇ ಕೊಳ್ಳಬೇಕೇ?

ಎರಡೂ ಬೇಡ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ, ಎಷ್ಟು ಸಲ ಎಳೆದು ಬಿಟ್ಟರೂ ಮೇಲಿನ ತೋಟಾ ಕದಲುವುದಿಲ್ಲ ಎಂದು ನೀವು ಬರೆದಿರುವುದು ನಿಜವಾದರೆ, ದೋಷವಿರುವುದು ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾವನ್ನು ಒಳಕ್ಕೆ ಜಾರಿಸುವ ರ‍್ಯಾಂಪಿನಲ್ಲಲ್ಲ, ತೋಟಾಗಳನ್ನು ಪೇರಿಸಿಡುವ ಮ್ಯಾಗಜೀನಿನ ಒಳಗೆ. ಇದನ್ನು ತಿಳಿಯಲು ನಾನು ಒಂದು ಒಳ್ಳೆಯ ಬ್ಯಾರೆಲ್ಲನ್ನೇ ಕಳೆದುಕೊಂಡೆ.

ಕೊಡಗಿನಲ್ಲಿ ನಮ್ಮದೊಂದು ಕಾಫಿ ಎಸ್ಟೇಟ್ ಇದೆ. ಶನಿವಾರದ ಬಟವಾಡೆಗೆ ಬ್ಯಾಂಕಿನಿಂದ ನಗದು ತರಬೇಕಾದ ಕಾರಣ ಪಿಸ್ತೂಲಿಗೆ ಪರವಾನಗಿ ಪಡೆದಿದ್ದೆ. 9 ಎಂಎಂ ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ) ಆದ್ದರಿಂದ, ಎಲ್ಲರಂತೆ .32 ಕೊಂಡೆ. ಹೊರಡುವಾಗ ಒಂದು ತೋಟಾವನ್ನು ಚೇಂಬರಿಗೆ, ಅಂದರೆ ಹಾರಿಸಲು ತೋಟಾ ಕೂರುವ ಗೂಡಿಗೆ, ಏರಿಸುತ್ತಿದ್ದೆ. ಮನೆಗೆ ಬಂದ ಮೇಲೆ ಅದನ್ನು ಹೊರತೆಗೆದು ಮ್ಯಾಗಜೀನಿನ ಮೇಲ್ತುದಿಗೇ ಸೇರಿಸಿಡುತ್ತಿದ್ದೆ. ತೋಟಾ ದುಬಾರಿ, ಕೊಳ್ಳಬಹುದಾದ ಸಂಖ್ಯೆಗೂ ಪರವಾನಗಿಯಲ್ಲಿ ಮಿತಿಯಿದೆ, ಹಾಗಿರುವಾಗ ಇದ್ದವನ್ನೇ ಮತ್ತೆ ಮತ್ತೆ ಬಳಸುವುದು ಜಾಣತನವೆಂದೇ ಭಾವಿಸಿದ್ದೆ.

ಅದೇ ತಪ್ಪು. ಸ್ಲೈಡ್ ರಭಸದಿಂದ ಮುಂದೆ ಬಂದಾಗಲೆಲ್ಲ ಗುಂಡಿನ ಮೂತಿ ರ‍್ಯಾಂಪಿಗೆ ಬಡಿಯುತ್ತದೆ. ಒಂದೇ ತೋಟಾ ಹೀಗೆ ಹಲವು ಸಲ ಬಡಿಸಿಕೊಂಡರೆ ಗುಂಡು ಹಿತ್ತಾಳೆಯ ಕೊಳವೆಯೊಳಕ್ಕೆ ತುಸು ತುಸುವೇ ಕುಸಿಯುತ್ತದೆ. .32 ತೋಟಾದ ಒಟ್ಟು ಉದ್ದ ಸುಮಾರು 25 ಮಿ.ಮೀ.; ಅದು ಕುಗ್ಗಿದರೆ ಮ್ಯಾಗಜೀನಿನಲ್ಲಿ ಮುಂದೆ ಹಿಂದೆ ಸರಿದಾಡಲು ಜಾಗವಾಗುತ್ತದೆ. 9 ಎಂಎಂ ತೋಟಾದಲ್ಲಿ ಬುಡದ ಅಂಚು ಕೊಳವೆಯಿಂದ ಹೊರಚಾಚುವುದಿಲ್ಲ, ಆದರೆ .32ರ ಕೊಳವೆಯ ಬುಡ ಸುಮಾರು 8.6 ಮಿ.ಮೀ. ಇದ್ದರೆ ರಿಮ್, ಅಂದರೆ ಆ ಅಂಚು, 9.1 ಮಿ.ಮೀ. ಇರುತ್ತದೆ. ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆಯೇ ಕೂತಿರಬೇಕು. ಸರಿದಾಡುತ್ತಾ ಅದು ಹಿಂದಕ್ಕೆ ಜಾರಿತೆಂದರೆ ಕೆಳಗಿನ ರಿಮ್ ಅದನ್ನು ಕೊಕ್ಕೆಯಂತೆ ಹಿಡಿದುಬಿಡುತ್ತದೆ. ಇದನ್ನೇ ರಿಮ್ ಲಾಕ್ ಎನ್ನುವುದು.

ಇದಾವುದೂ ತಿಳಿಯದ ನಾನು ಅಮೆರಿಕದವರ ವೀಡಿಯೊ ನೋಡಿ, ಮ್ಯಾಗಜೀನಿನ ತಳಕ್ಕೆ ತಟ್ಟಿ ಸ್ಲೈಡ್ ಎಳೆಯುವುದನ್ನು ಅಭ್ಯಾಸ ಮಾಡಿದೆ. ಆ ಪಾಠ 9 ಎಂಎಂಗೆ ಸರಿ. ರಿಮ್ ಲಾಕ್ ಆದಾಗ ಹಾಗೆ ಎಳೆದಷ್ಟೂ ತೋಟಾ ಇನ್ನಷ್ಟು ಬಿಗಿಯಾಗುತ್ತದೆ. ಕೊನೆಗೆ ರ‍್ಯಾಂಪಿನ ಮೇಲೆ ಅನುಮಾನಪಟ್ಟು ದುರಸ್ತಿಗೆ ಕೊಟ್ಟೆ. 1959ರ ಆಯುಧ ಕಾಯ್ದೆಯ ಪ್ರಕಾರ ದುರಸ್ತಿ ಮಾಡುವವನಿಗೂ ಪರವಾನಗಿ ಇರಬೇಕು. ಅದನ್ನಂತೂ ವಿಚಾರಿಸಿಕೊಂಡೇ ಹೋಗಿದ್ದೆ. ಆತ ರ‍್ಯಾಂಪನ್ನು ಕನ್ನಡಿಯ ಹಾಗೆ ಹೊಳೆಯಿಸಿಕೊಟ್ಟ, ಆದರೆ ಅದರ ಕೋನವೇ ಕೆಟ್ಟುಹೋಗಿತ್ತು. ಅಲ್ಲಿಯವರೆಗೆ ಇಲ್ಲದ ಹೊಸ ತೊಂದರೆ ಶುರುವಾಗಿ, ಗುಂಡಿನ ಮೂತಿ ಚೇಂಬರಿನ ಅಂಚಿಗೆ ತಗುಲತೊಡಗಿತು. ಬ್ಯಾರೆಲ್ ಬದಲಾಯಿಸಲು ಬೇಕಾದ ಕಾಗದಪತ್ರಗಳಲ್ಲೇ ಆ ವರ್ಷದ ಕಾಫಿ ಕೊಯ್ಲು ಮುಗಿದಿತ್ತು. ಹೊಸ ಬ್ಯಾರೆಲ್ ಬಂದ ಮೇಲೂ ಹಳೆಯ ರೋಗ ಹಾಗೆಯೇ ಇತ್ತು. ಗುಂಡು ಹಾರಿಸುವ ಅಭ್ಯಾಸದ ರೇಂಜಿನಲ್ಲಿದ್ದ ಹಿರಿಯರೊಬ್ಬರು ನನ್ನ ಮೇಲಿನ ತೋಟಾವನ್ನೂ ಪೆಟ್ಟಿಗೆಯ ಹೊಸ ತೋಟಾವನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದಾಗ, ವ್ಯತ್ಯಾಸ ಬರಿಗಣ್ಣಿಗೇ ಕಂಡಿತು.

ಹಾಗಾಗಿ ನಿಮ್ಮಲ್ಲಿರುವ ಪ್ರತಿಯೊಂದು ತೋಟಾವನ್ನೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಕುಗ್ಗಿದವನ್ನು ಹಾರಿಸಲೇಬೇಡಿ, ಒಳಗಿನ ಜಾಗ ಕಿರಿದಾದಾಗ ಒತ್ತಡ ಹೆಚ್ಚುತ್ತದೆ. ಅವನ್ನು ಪರವಾನಗಿ ಇರುವ ಡೀಲರಿಗೆ ತೋರಿಸಿ, ಅವರು ಹೇಳಿದಂತೆ ಮಾಡಿ. ತುಂಬುವಾಗ ಪ್ರತಿ ತೋಟಾದ ರಿಮ್ ಕೆಳಗಿನದರ ಮುಂದೆ ಕೂತಿದೆಯೇ ಎಂದು ನೋಡಿಕೊಳ್ಳಿ. ಸಿಕ್ಕಿಕೊಂಡರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರ್ ಖಾಲಿಯಿರುವುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಿ. ತುಂಬಿದ ಎರಡನೇ ಮ್ಯಾಗಜೀನ್ ಜೊತೆಗಿಲ್ಲದಿದ್ದರೆ ಪಿಸ್ತೂಲನ್ನು ಒಯ್ಯುವುದರಲ್ಲೇ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಲಾಕ್ ಆದ ಮ್ಯಾಗಜೀನನ್ನು ಬಿಡಿಸಲು ನಿಮಗೆ ಸಮಯ ಸಿಗುವುದಿಲ್ಲ. ಬೇರೆ .32 ಪಿಸ್ತೂಲು ಕೊಂಡರೂ ಒಳಗೆ ಹೋಗುವುದು ಇದೇ ರಿಮ್ ಇರುವ ತೋಟಾವೇ. ಮ್ಯಾಗಜೀನುಗಳ ತಳಕ್ಕೆ ಬಣ್ಣದಲ್ಲಿ ಒಂದು, ಎರಡು ಎಂದು ಗುರುತು ಹಾಕಿ, ಹೊಸ ತೋಟಾಗಳಿಂದ ರೇಂಜಿನಲ್ಲಿ ಹಾರಿಸಿ ನೋಡಿ. ಪ್ರತಿ ಸಲವೂ ಒಂದೇ ಮ್ಯಾಗಜೀನ್ ಕೈಕೊಟ್ಟರೆ, ಅದರ ಸ್ಪ್ರಿಂಗ್ ಅಥವಾ ತುಟಿಗಳು (ಮೇಲಿನ ತೋಟಾವನ್ನು ಹಿಡಿದಿಡುವ ಅಂಚುಗಳು) ಹೋಗಿವೆ ಎಂದರ್ಥ, ಅದೊಂದನ್ನು ಬದಲಾಯಿಸಿದರೆ ಸಾಕು.