ಭೋಜಪುರಿ ಸಿನಿಮಾ: ಎಲ್ಲಿಂದ ಶುರು?

ಪ್ರಶ್ನೆ: ಹಿಂದಿ ಅಷ್ಟಿಷ್ಟು ಬರುತ್ತದೆ. ಮನೆಮಂದಿಯೆಲ್ಲ ಕೂತು ನೋಡುವಂಥ, ಹಳ್ಳಿ ಕಥೆಯ ಭೋಜಪುರಿ ಚಿತ್ರ ಯಾವುದು? ಭಾಷೆ ತೊಡಕಾದೀತೆ?

ಉತ್ತರ: 1963ರ ‘ಗಂಗಾ ಮೈಯಾ ತೋಹೆ ಪಿಯರಿ ಚಢೈಬೊ’ ನೋಡಿ. ಭೋಜಪುರಿಯ ಮೊದಲ ಚಿತ್ರವಿದು. ವಿಧವಾ ವಿವಾಹವೇ ವಸ್ತು. ಶೈಲೇಂದ್ರರ ಸಾಹಿತ್ಯಕ್ಕೆ ಚಿತ್ರಗುಪ್ತರ ಸಂಗೀತವಿದೆ. ಹಾಡು ಬಂದಾಗ ಮುಂದಕ್ಕೆ ಓಡಿಸಬೇಡಿ, ಹೆಣ್ಣಿನ ದುಃಖವೆಲ್ಲ ಅಲ್ಲೇ ಇರುವುದು.

ಭಾಷೆಗೆ ಹೆದರಬೇಕಿಲ್ಲ. ಹಿಂದಿಯ ‘ಹೈ’ ಇರುವಲ್ಲಿ ‘ಬಾ’, ‘ಆಪ್’ ಇರುವಲ್ಲಿ ‘ರಉವಾ’ ಎಂದುಕೊಂಡರೆ ಅರ್ಧ ದಾರಿ ಸಾಗಿದಂತೆ. ಆದರೂ ಕಷ್ಟವೆನಿಸಿದರೆ ಮೊದಲು 1982ರ ‘ನದಿಯಾ ಕೇ ಪಾರ್’ ನೋಡಿ. ಹಲವರು ಭೋಜಪುರಿ ಎಂದೇ ತಿಳಿದಿರುವ ಈ ಹಿಂದಿ ಚಿತ್ರದ ಮಾತಿನಲ್ಲಿ ಪೂರ್ವಾಂಚಲದ, ಅಂದರೆ ಉತ್ತರ ಪ್ರದೇಶದ ಪೂರ್ವ ಭಾಗದ, ಸೊಗಡಿದೆ. 2004ರ ನಂತರದ ಚಿತ್ರಗಳಲ್ಲಿ ಹಾಡುಗಳನ್ನು ಮೊದಲು ನೀವೊಬ್ಬರೇ ನೋಡಿಬಿಡಿ. ದ್ವಂದ್ವಾರ್ಥದ ಕಾಟ ಹೆಚ್ಚಿರುವುದು ಅಲ್ಲಿಯೇ.